ಕಣ್ಣಿನ ಪರೀಕ್ಷೆಯಲ್ಲಿ ಪಾಸಾದ ನಮ್ಮ ದಾದಿ

ತಾಲ್ಲೂಕಿನ ಸಮಸ್ತ ಕಣ್ಣು, ಕಿವಿ, ಹಲ್ಲು, ಮೊಣಕಾಲುಗಳ ಅಧಿಪತಿಗಳೂ, ಮೂರು ಪ್ರತಿ ಅರ್ಜಿಗಳ ಪರಮ ಪೋಷಕರೂ, ಹಸಿರು ಶಾಯಿಯ ಒಡೆಯರೂ ಆದ ಆರೋಗ್ಯಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ ಕಮಲಾಪುರದ ಬಡ ಪ್ರಜೆಯ ಸಾಷ್ಟಾಂಗ ಸಲಾಮು.

ಮಾನ್ಯರೇ, ನಮ್ಮ ದಾದಿ, ಅಂದರೆ ಅಜ್ಜಿ, ನಮ್ಮ ಅಬ್ಬಾನ ತಾಯಿ ಶಾಹಜಾದಿಯವರಿಗೆ ಎಪ್ಪತ್ನಾಲ್ಕನೇ ವಯಸ್ಸಿನಲ್ಲಿ ತಮ್ಮ ಇಲಾಖೆ ‘ದೃಷ್ಟಿ ಉತ್ತಮ’ ಎಂದು ಬರೆದುಕೊಟ್ಟಿದೆ. ಹೀಗಾಗಿ ಬರುವ ಗುರುವಾರ ಕಣ್ಣಿನ ಪೊರೆ ಆಪರೇಶನ್‌ಗೆ ಕಲಬುರಗಿಗೆ ಹೋಗುವ ಬಸ್ಸಿನ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆ ಉತ್ತಮ ದೃಷ್ಟಿಯ ಮಹಿಮೆ ಕೇಳಿ. ಹೋದ ವಾರ ತೊಗರಿಬೇಳೆ ಆರಿಸಲು ಕೂತು ಬೇಳೆಯನ್ನು ಅಂಗಳಕ್ಕೆ ಎಸೆದರು, ಹರಳನ್ನು ಮೊರದಲ್ಲೇ ಉಳಿಸಿದರು. ಅಂದೇ ಅಬ್ಬಾನ ದವಡೆಹಲ್ಲು ಮುರಿಯಿತು. ಮರುದಿನ ಬಾಗಿಲಿಗೆ ಬಂದ ಆಡಿಗೆ “ಆವೋ ಫರೀದಾ, ಎಷ್ಟ ಸೊರಗೀದಿ!” ಎಂದರು. ಪಕ್ಕದ ಮನೆಯ ಫರೀದಾ ಖಾಲಾ ಅಂದಿನಿಂದ ನಮ್ಮ ಮನೆಯವರ ಜೊತೆ ಮಾತು ಬಿಟ್ಟಿದ್ದಾರೆ.

ಶಿಬಿರದಲ್ಲಿ ತಾವು ಶಾಲಾ ಮಕ್ಕಳ ಮತ್ತು ಹಿರಿಯರ ಆರೋಗ್ಯದ ಅಗತ್ಯಗಳನ್ನು ಒಂದೇ ದಿನ, ಒಂದೇ ವರಾಂಡದಲ್ಲಿ, ಒಂದೇ ಫಾರಂನಲ್ಲಿ ಅಳೆದಿರಿ. ಎಂಥ ದೂರದೃಷ್ಟಿ! ದಾದಿಗೆ “ಶಾಲೆಗೆ ಹೋಗಲು ಭಯವೇ?” ಎಂದು ಕೇಳಲಾಯಿತು. ಐದನೇ ಕ್ಲಾಸಿನ ನನ್ನ ತಂಗಿ ಮುಬಶ್ಶಿರಾಗೆ “ಮೊಮ್ಮಕ್ಕಳು ನೋಡಿಕೊಳ್ಳುತ್ತಾರೆಯೇ?” ಎಂದು. “ಇನ್ನಾ ಯೋಚನಿ ಮಾಡಿಲ್ರೀ” ಅಂದಳು ಪಾಪ.

ಆಮೇಲೆ ಅಕ್ಷರದ ಚಾರ್ಟು. ತಂಗಿ ಮಗ್ಗಿ ಒಪ್ಪಿಸಿದಂತೆ ಏಳೂ ಸಾಲು ಒದರಿದಳು. ಅವಳ ಹಿಂದೆ ಇಡೀ ಕ್ಲಾಸು ಅದೇ ರಾಗ. ಎಲ್ಲರೂ ಉತ್ತಮ! ನಂತರ ದಾದಿ. “ಗ, ಠ, ರ, ಲ...”

“ಅಮ್ಮಾ, ನಾ ಇನ್ನಾ ಕೋಲು ಇಟ್ಟಿಲ್ರೀ” ಎಂದರು ಆಶಾ ಕಾರ್ಯಕರ್ತೆ ಪುತಳಾಬಾಯಿ.

“ನೀ ಸಾವಕಾಶ ಇಡವ್ವಾ, ನಾ ಮುಂದ ಹೋಗಿರ್ತೀನಿ.”

ಮಾನ್ಯರೇ, ದಾದಿ ಉರ್ದು ಓದಿದವರು. ಕನ್ನಡದ ಒಂದಕ್ಷರ ಗೊತ್ತಿಲ್ಲ. ಎಪ್ಪತ್ನಾಲ್ಕು ವರ್ಷ ಒಲಿಯದ ಕನ್ನಡ ಅಕ್ಷರವಿದ್ಯೆಯನ್ನು ನಾಲ್ಕು ನಿಮಿಷದಲ್ಲಿ ಕರುಣಿಸಿದ ತಮ್ಮ ಇಲಾಖೆಯ ಮುಂದೆ ಶಿಕ್ಷಣ ಇಲಾಖೆ ಏನು ಮಹಾ? ಇತ್ತ ತಂಗಿ ಬೋರ್ಡು ಕಾಣದೆ ಪಕ್ಕದವಳ ನೋಟು ನೋಡಿ ಬರೆಯುತ್ತಾಳೆ. ಕಾಪಿ ಹೊಡೆಯುತ್ತಾಳೆಂದು ಟೀಚರು ಅವಳನ್ನು ಕೊನೆಯ ಬೆಂಚಿಗೆ ದಬ್ಬಿದ್ದಾರೆ. ಅಲ್ಲಿಂದ ಅವಳಿಗೆ ಬೋರ್ಡಷ್ಟೇ ಅಲ್ಲ, ಟೀಚರೂ ಕಾಣುವುದಿಲ್ಲ.

ನಿನ್ನೆ ದಾದಿ ಬಟ್ಟೆಯ ಗಂಟು ಕಟ್ಟಿಕೊಂಡು ಕೂತು ಕೇಳಿದರು: “ಬೇಟಾ, ನಾ ಪಾಸಾಗೀನಲ್ಲ, ಮತ್ತ ಬಸ್ಸಿನ್ಯಾಗ ಯಾಕ ಹೆಸರಿಲ್ಲ?” ಪಾಸಾದವರನ್ನೇ ಆಪರೇಶನ್‌ಗೆ ಒಯ್ಯುತ್ತಾರೆಂದು ತಿಳಿದು, ಪಾಪ, ಎರಡು ದಿನ ಬಾಯಿಪಾಠ ಮಾಡಿದ್ದರು. ಬೆಳಗಿನ ಕುರಾನಿನ ಸಾಲು ಮಸುಕಾಗಿ ವರ್ಷವಾಯಿತಂತೆ. ಅದೊಂದು ತಿರುಗಿ ಕಂಡರೆ ಸಾಕಂತೆ.

ಆದ್ದರಿಂದ ಗುರುವಾರದೊಳಗೆ ಹೊಸ ಚಾರ್ಟು ತರಿಸಿ ಇಡೀ ಕ್ಲಾಸನ್ನೂ, ಉರ್ದು ಚಾರ್ಟಿನಲ್ಲಿ ದಾದಿಯನ್ನೂ ಮತ್ತೆ ಪರೀಕ್ಷಿಸಬೇಕು. ದಾದಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೊಡಬೇಕು. ಬರುವಾಗ ನೋಡಲಿ. ಹಾಗೂ ಗೋಪ್ಯ ಚಾರ್ಟು ಶಿಬಿರಕ್ಕೆ ಮೊದಲೇ ಸೋರಿದ್ದು ಹೇಗೆಂದು ಉನ್ನತ ಮಟ್ಟದ ತನಿಖೆ ನಡೆಸಬೇಕು.

ಇಂತಿ,
ದೃಷ್ಟಿ ಉತ್ತಮವಿದ್ದೂ ಮುಂದಿನದು ಕಾಣದ
ಫುರ್ಕಾನ್, ಬಿ.ಎ. ಎರಡನೇ ವರ್ಷ

ಮರೆತಿದ್ದೆ: ತನಿಖೆಗೆ ಬಹಳ ದೂರ ಹೋಗಬೇಕಿಲ್ಲ. ಶಿಬಿರದ ಸ್ವಯಂಸೇವಕನೆಂದು ನನ್ನ ಕೈಗೆ ಕೊಟ್ಟ ಚಾರ್ಟನ್ನು ಎರಡು ದಿನ ಮನೆಯ ಗೋಡೆಗೆ ತೂಗುಹಾಕಿ, ದಾದಿಯ ಕಿವಿಗೂ ಬೀಳುವಂತೆ ತಂಗಿಗೆ ಕಲಿಸಿದವನು ನಾನೇ. ಪಾಸಾದವರಿಗಷ್ಟೇ ಬಸ್ಸು ಎಂದು ದಾದಿಗೆ ತಮಾಷೆಗೆ ಹೇಳಿದವನೂ ನಾನೇ. ಹೊಸ ಚಾರ್ಟನ್ನು ದಯವಿಟ್ಟು ನನ್ನ ಕೈಗೆ ಕೊಡಬೇಡಿ.