ಅಡ್ಡ ಹೊಕ್ಕ ಗುಂಡು

ಡೊಂಬಿವಲಿ, ೬ ಜೂನ್ ೨೦೧೦

ದೇಜಪ್ಪ ಭಾವ,

ಎಂಟು ತಿಂಗಳ ಹಿಂದೆ, ನೀವು ಸತ್ತ ದಿನ ಪೊಲೀಸರು ಒಯ್ದಿದ್ದ ನಿಮ್ಮ ರೈಫಲ್ ಮೊನ್ನೆ ವಾಪಸು ಬಂತು. ಮಾರಿಬಿಡು ಎಂದಳು ಅಕ್ಕ. ಇವತ್ತು ಬೆಳಿಗ್ಗೆ ಶಹಾಡಿನಾಚೆಯ ಶೂಟಿಂಗ್ ರೇಂಜಿಗೆ ಒಯ್ದು, ಅವತ್ತು ಉಳಿದಿದ್ದ ಗುಂಡುಗಳನ್ನೇ ಹಾರಿಸಿ ನೋಡಿದೆ. ಗುರಿಯ ಕಾಗದದಲ್ಲಿ ದುಂಡು ತೂತು ಬೀಳಲಿಲ್ಲ. ಗುಂಡು ಮಗ್ಗುಲಾಗಿ ಹೊಕ್ಕು, ತನ್ನ ಉದ್ದಕ್ಕೂ ಸೀಳಿತ್ತು.

ಅಲ್ಲಿಯ ಕೋಚ್, ಬೆಳಗಾವಿಯ ನಿವೃತ್ತ ಹವಾಲ್ದಾರ, ನಳಿಗೆಯೊಳಗೆ ಇಣುಕಿ ನಕ್ಕ. "ಇದರಾಗಿನ ಸುರುಳಿ ಗೀರು ಭಾಳ ಸಡಲ ಅದಾವ್ರಿ. ಗಿಡ್ಡ, ಹಗುರ ಗುಂಡಾದ್ರ ನೆಟ್ಟಗ ತಿರುಗಿಸಿ ಕಳಸ್ತಾವ. ಇಷ್ಟುದ್ದ, ಭಾರದ್ದು ಹಾಕಿದ್ರ ತಿರುಗೋದು ಸಾಲೂದಿಲ್ಲ, ಓಲಾಡಿ ಅಡ್ಡ ಬೀಳತೈತಿ. ಯಾವ ಶಾಣ್ಯಾ ಆರಿಸಿದ್ನೋ!"

ನಾನು ಗುರಿಯ ಕಾಗದ ಮಡಚಿ ಜೇಬಿಗಿಟ್ಟೆ.

ಮುರಬಾಡದ ಆ ಭತ್ತದ ಗದ್ದೆಯಂಚಿನಲ್ಲಿ ನೀವು, "ಹಳೇ ಗುಂಡೇ ಸಾಕು ಮಾರಾಯ" ಎಂದಿದ್ದಿರಿ. "ಹಂದಿಗೆ ಭಾರದ್ದೇ ಬೇಕು ಭಾವ, ಹೆದರಿಕೆಯಾ?" ಎಂದು, ನಾನೇ ಆರಿಸಿ ತಂದಿದ್ದ ಉದ್ದ ಗುಂಡು ತುಂಬಿಸಿ ಕೊಟ್ಟೆ. ಗುಂಡು ಹಂದಿಯ ಭುಜ ತಪ್ಪಿ ಹೊಟ್ಟೆ ಹರಿಯಿತು. ಕರುಳು ಎಳೆದುಕೊಂಡೇ ಅದು ನುಗ್ಗಿ ಬಂದು, ಕೋರೆಯಿಂದ ನಿಮ್ಮ ತೊಡೆಯನ್ನು ಮೂಳೆ ಕಾಣುವಷ್ಟು ಬಗೆಯಿತು. ಅಂಗಿ ಬಿಚ್ಚಿ ಒತ್ತಿ ಹಿಡಿದರೂ ರಕ್ತ ನನ್ನ ಬೆರಳ ಸಂದಿಯಿಂದ ಚಿಮ್ಮುತ್ತಲೇ ಇತ್ತು. ಕಲ್ಯಾಣದ ಆಸ್ಪತ್ರೆ ಮುಟ್ಟುವ ಮೊದಲೇ ಅದು ನಿಂತಿತು.

ಇವತ್ತು ರೇಂಜಿನಿಂದ ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕೇಳಿದಳು.

"ಬಂದೂಕಿನದ್ದು ಏನೂ ತಪ್ಪಿಲ್ಲ ಅಲ್ವಾ? ನೀನು ಹೇಳಿದ ಹಾಗೆ ಇವರದ್ದೇ ಕೈ ನಡುಗಿದ್ದಲ್ವಾ?"

"ಹೌದಕ್ಕ" ಎಂದೆ. "ಬಂದೂಕು ಸರಿ ಉಂಟು."