ಕಪ್ಪೆಯ ಹೃದಯದ ಕೆಳಗಿನ ಸಹಿ

ಹಲಸೂರು,
ಬುಧವಾರ, ೧೦ ಫೆಬ್ರುವರಿ ೧೯೯೯

ಶ್ರೇಯಾಳ ಅಪ್ಪನವರಿಗೆ ಶರಣು.

ಎಂಟು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕ್ಷೇಮಸಮಾಚಾರ ಕೇಳಲು ಪುರುಸೊತ್ತಿಲ್ಲ, ತಪ್ಪು ತಿಳಿಯಬೇಡಿ. ಟೆಲಿಫೋನ್ ಎಕ್ಸ್‌ಚೇಂಜಿನ ಬೆಳಗಿನ ಪಾಳಿ ಮುಗಿಸಿ ಈಗಷ್ಟೇ ಬಂದೆ. ಹೆಡ್‌ಫೋನ್ ಒತ್ತಿದ ಕಿವಿ ಇನ್ನೂ ನೋಯುತ್ತಿದೆ. ನಿಮ್ಮ ಆಫೀಸಿನ ಚಿನ್ನಪ್ಪನವರು ನಮ್ಮ ಬೀದಿಯವರೇ ಆದ್ದರಿಂದ ಪತ್ರವನ್ನು ಅವರ ಕೈಗೆ ಕೊಡುತ್ತೇನೆ. ಅಂಚೆಗೆ ಹಾಕಿದರೆ ಕೆ.ಆರ್. ಪುರದ ನಿಮ್ಮ ಕೋಣೆ ತಲುಪುವಷ್ಟರಲ್ಲಿ ಕಾಲ ಮೀರಿರುತ್ತದೆ.

ಬರುವ ಸೋಮವಾರ ಶ್ರೇಯಾಳ ಜೀವಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ. ಶನಿವಾರದೊಳಗೆ ರೆಕಾರ್ಡ್ ಪುಸ್ತಕಕ್ಕೆ ಟೀಚರ ಸಹಿ ಬೀಳದಿದ್ದರೆ ಒಳಗೆ ಬಿಡುವುದಿಲ್ಲ. ಸಹಿ ಬಿದ್ದಿಲ್ಲ.

ಮೊನ್ನೆ ಗೋವಿಂದಮ್ಮ ಮಿಸ್ ನನ್ನನ್ನು ಶಾಲೆಗೆ ಕರೆಸಿದರು. ರೆಕಾರ್ಡ್ ತೆರೆದು, ಕಪ್ಪೆಯ ಹೃದಯದ ಚಿತ್ರದ ಬಲಗಡೆ ಕೆಳಮೂಲೆಯ ಮೇಲೆ ಬೆರಳಿಟ್ಟರು. ಸಾಸಿವೆ ಗಾತ್ರದಲ್ಲಿ ‘ಪಂ. ಬ.’, ಪಕ್ಕದಲ್ಲಿ ತಾರೀಖು. ಇಪ್ಪತ್ತು ವರ್ಷ ನಕ್ಷೆ ಬರೆದ ಕೈ ನಿಮ್ಮದು. ಮುಗಿದ ಹಾಳೆಗೆ ಸಹಿ ಹಾಕದೆ ಪೆನ್ಸಿಲ್ ಕೆಳಗಿಡುವುದಿಲ್ಲ. ಆದರೆ ಮಗಳ ಕಪ್ಪೆಗೂ ಹಾಕಬೇಕಿತ್ತೇ? ಎರೆಹುಳುವಿನ ಪಕ್ಕ ಅಳತೆಪಟ್ಟಿಯನ್ನೂ ಎಳೆದಿದ್ದೀರಿ.

“ಏನಮ್ಮ ಇದು, ಎರೆಹುಳದ ಚಿತ್ರಾನೋ, ಕಾಲುವೆ ತೋಡೋಕೆ ಪ್ಲ್ಯಾನೋ?” ಎಂದರು ಮಿಸ್. ನಗು ಬಂತು, ನಗಲಿಲ್ಲ. ಇಪ್ಪತ್ತು ಚಿತ್ರವೂ ಒಂದೇ ಕೈಯದು ಎಂದು ಅವರಿಗೆ ಗೊತ್ತಾಗಿದೆ. “ಕೊನೇ ನಾಲ್ಕಕ್ಕೆ ಮಾತ್ರ ಈ ಸಹಿ ಇದೆ, ಮೊದಲಿನ ಹದಿನಾರಕ್ಕೆ ಯಾಕಿಲ್ಲ?” ಎಂದರು. ಗೊತ್ತಿಲ್ಲವೆಂದೆ. ಭಾನುವಾರಗಳಲ್ಲಿ ಗೆಳತಿ ಸುಪ್ರೀತಾಳ ಮನೆಗೆ ಓದಲು ಹೋಗುತ್ತೇನೆಂದು ಹೇಳಿ ಇವಳು ನಿಮ್ಮಲ್ಲಿಗೆ ಬರುತ್ತಿದ್ದಳೆಂದು ನನಗೆ ತಿಳಿದದ್ದೇ ಆ ಕುರ್ಚಿಯಲ್ಲಿ ಕುಳಿತಾಗ.

ಮಿಸ್ ಕೆಟ್ಟವರಲ್ಲ. “ಪರೀಕ್ಷೆ ದಿನ ಅಪ್ಪ ಬಂದು ಬರೆಯೋಕಾಗಲ್ಲಮ್ಮ. ಹೊಸ ರೆಕಾರ್ಡ್ ತಗೊಳ್ಳಿ, ಇಪ್ಪತ್ತೂ ಅವಳೇ ಬರೀಲಿ. ಕಾಗೆ ಕಾಲು ಗುಬ್ಬಿ ಕಾಲು ಆದ್ರೂ ಪರ್ವಾಗಿಲ್ಲ, ಸಹಿ ಹಾಕ್ತೀನಿ” ಎಂದರು. ಶಿವಾಜಿನಗರದಲ್ಲಿ ಇಳಿದು ಹೊಸ ರೆಕಾರ್ಡ್ ಕೊಂಡುತಂದೆ.

ಈವರೆಗೆ ಆಗಿರುವುದು ಏಳು. ನಿನ್ನೆ ಸಂಜೆಯಿಂದ ಅವಳು ಪೆನ್ಸಿಲ್ ಮುಟ್ಟಿಲ್ಲ. ಪರೀಕ್ಷೆಯ ಉಳಿದದ್ದಕ್ಕೆಲ್ಲ ತಯಾರಾಗಿದ್ದಾಳೆ. ಬೇರು ಬಿಡಲೆಂದು ಅಡುಗೆಮನೆಯ ಕಿಟಕಿಯಲ್ಲಿ ನೀರಿನ ಲೋಟಗಳ ಮೇಲೆ ಈರುಳ್ಳಿ ಕೂರಿಸಿದ್ದಾಳೆ. ಮೊಟ್ಟೆಯೂ ಒಳಗೆ ಬರದ ನಮ್ಮ ಮನೆಯಲ್ಲಿ, ಹಿತ್ತಿಲ ಬಚ್ಚಲ ಹತ್ತಿರ ಕುಳಿತು, ತಾನೇ ಹಿಡಿದ ಜಿರಲೆಯನ್ನು ಮೇಣದ ತಟ್ಟೆಯಲ್ಲಿ ಕೊಯ್ದು, ನರದ ಎಳೆಯನ್ನು ತುಂಡಾಗದಂತೆ ಬಿಡಿಸಿ ತೋರಿಸಿದಳು. ಅದೇ ಕೈ ಪೆನ್ಸಿಲ್ ಹಿಡಿದರೆ ಒಂದು ಗೆರೆಯನ್ನು ಹತ್ತು ಸಲ ಅಳಿಸುತ್ತದೆ.

“ಅಪ್ಪನ ಥರ ಬರಲ್ಲಮ್ಮ. ನಾನು ಎಕ್ಸಾಮ್‌ಗೇ ಹೋಗಲ್ಲ, ಬಿಟ್ಬಿಡು” ಎನ್ನುತ್ತಾಳೆ.

“ನಿಮ್ಮಪ್ಪನ ಥರ ಬೇಕು ಅಂತ ಯಾರು ಕೇಳಿದ್ರು?” ಎಂದು ನಾನು ಕೂಗಿದೆ.

“ಅಪ್ಪ ಕೇಳ್ತಾರೆ” ಎಂದಳು.

ನಾನು ಹೊಲಿಯುತ್ತಿದ್ದ ಗುಂಡಿಯನ್ನು ಕೈಯಿಂದ ಕಿತ್ತುಕೊಂಡು ನೀವು ಹೊಲಿದಿರಿ. ನಾನು ಮಡಚಿಟ್ಟ ಸೀರೆಯನ್ನು ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಮತ್ತೆ ಮಡಚಿದಿರಿ. ಹದಿನೆಂಟು ವರ್ಷ. ಒಂದು ದಿನವೂ ಬೈದವರಲ್ಲ ನೀವು, ಅದನ್ನು ಒಪ್ಪುತ್ತೇನೆ. ಜೂನ್‌ನಲ್ಲಿ ನಾನು ಅಷ್ಟು ಕೂಗಾಡಿದ್ದು, ನೀವು ಪೆಟ್ಟಿಗೆ ಎತ್ತಿಕೊಂಡು ಹೊರಟದ್ದು, ಒಂದು ಸೀರೆಗಾಗಿ ಅಲ್ಲ. ಈಗ ಅದನ್ನು ಮತ್ತೆ ಮಾತಾಡುವಷ್ಟು ತ್ರಾಣ ನನ್ನಲ್ಲಿಲ್ಲ.

ಒಂದು ಕೆಲಸ ಮಾಡಿ. ನಾಳೆ, ನಾಡಿದ್ದು, ಎರಡು ಸಂಜೆ ಮನೆಗೆ ಬನ್ನಿ. ಅವಳ ಪಕ್ಕ ಕುಳಿತು ಪೆನ್ಸಿಲ್ ಚೂಪು ಮಾಡಿಕೊಡಿ. ಗೆರೆ ಸೊಟ್ಟಗಾದರೆ ರಬ್ಬರ್ ಎತ್ತಬೇಡಿ. ಕೈ ತಡೆಯದಿದ್ದರೆ ಕಟ್ಟಿಕೊಂಡು ಕೂರಿ. ಅವಳು ಒಂದು ಚಿತ್ರ ಮುಗಿಸಿದ ಮೇಲೆ, “ಇಷ್ಟು ಸಾಕು, ಚೆನ್ನಾಗಿದೆ” ಎಂದು ಬಾಯಿಬಿಟ್ಟು ಹೇಳಿ. ನಾನು ಹೇಳಿದರೆ ನಂಬುವುದಿಲ್ಲ. ನನಗೆ ಎಂದೂ ನೀವು ಹೇಳದ ಮಾತು ಅದು, ಅವಳಿಗಾದರೂ ಹೇಳಿ.

ರೊಟ್ಟಿ ಮಾಡಿರುತ್ತೇನೆ. ಉಂಡೇ ಹೋಗಿ.

ಇಂತಿ,
ಶರಣವ್ವ

ಮರೆತ ಮಾತು: ಮೊನ್ನೆ ತಿಳಿಯಿತೆಂದು ಮೇಲೆ ಬರೆದದ್ದು ಸುಳ್ಳು. ಗಣೇಶನ ಹಬ್ಬದ ಮರುವಾರವೇ, ಅವಳು ಸ್ನಾನಕ್ಕೆ ಹೋದಾಗ, ಪ್ಯಾರಮೀಸಿಯಂ ಚಿತ್ರದ ಮೂಲೆಯಲ್ಲಿ ನಿಮ್ಮ ಸಹಿ ಕಂಡೆ. ರಬ್ಬರ್ ತಂದು ಅಳಿಸಿದೆ. ಹಾಗೆ ಹದಿನಾರು ಭಾನುವಾರ. ಜನವರಿಯಲ್ಲಿ ನನಗೆ ಭಾನುವಾರ ಸಂಜೆಯ ಪಾಳಿ ಬಿತ್ತು. ಕೊನೆಯ ನಾಲ್ಕು ನನ್ನ ಕೈಗೆ ಸಿಗಲಿಲ್ಲ. ಅಪ್ಪನ ಕೈಯಲ್ಲಿ ಬರೆಸುವುದು ತಪ್ಪೆಂದು ಅಂದೇ ಅವಳಿಗೆ ಹೇಳಿದ್ದರೆ ಅವಳು ನಿಮ್ಮಲ್ಲಿಗೆ ಬರುವುದೂ ನಿಲ್ಲುತ್ತಿತ್ತು. ಹೇಳಲಿಲ್ಲ. ಅಳಿಸುವ ಮುಂಚೆ ಪ್ರತಿ ಸಲ ತಾರೀಖು ಓದುತ್ತಿದ್ದೆ. ಆ ವಾರ ನೀವು ಚೆನ್ನಾಗಿದ್ದೀರಿ ಎಂದು ನನಗೆ ಗೊತ್ತಾಗುತ್ತಿದ್ದದ್ದು ಅದರಿಂದಲೇ.