ಅಣ್ಣನ ಸರದಿ

ಪುರಿ, ಹರಚಂಡಿ ಸಾಹಿ
ಮಂಗಳವಾರ, ಏಪ್ರಿಲ್ ೧೨

ಕುಂತಳೆಯ ಅಪ್ಪನವರಿಗೆ ಕನಕಲತೆ ಮಾಡುವ ನಮಸ್ಕಾರಗಳು.

ಕಾಲಿನ ಬೊಬ್ಬೆ ಒಣಗಿತೇ? ಇಲ್ಲಿಂದ ಕಾಕಟ್‌ಪುರಕ್ಕೆ ಬರಿಗಾಲಲ್ಲಿ ನಡೆದ, ಪ್ರಭುವಿನ ಸೇವೆಯ ಅಷ್ಟೂ ದೈತಾಪತಿಗಳಲ್ಲಿ ಮೊದಲು ಒಡೆದಿರುವುದು ನಿಮ್ಮ ಹಿಮ್ಮಡಿಯೇ, ನನಗೆ ಗೊತ್ತು. ಒಪ್ಪತ್ತು ಹವಿಷ್ಯಾನ್ನ ಉಂಡು ಬಿಸಿಲಲ್ಲಿ ತಿರುಗಿದರೆ ನಿಮಗೆ ಪಿತ್ತ ಏರುತ್ತದೆ, ನೀರನ್ನಾದರೂ ಸರಿಯಾಗಿ ಕುಡಿಯಿರಿ. ಅಲ್ಲಿನ ದೇವಿ, ತಾಯಿ ಮಂಗಳೆ, ಯಾರ ಕನಸಿನಲ್ಲಾದರೂ ಬಂದು ಮರ ಎಲ್ಲಿದೆ ಎಂದು ಹೇಳಿದಳೇ? ಪ್ರಭುವಿನ ಹೊಸ ಮೈಗೆ, ಹೊಸ ಮೂರ್ತಿಗೆ, ಎಂಥ ಬೇವು ಆಗಬೇಕೆಂದು ನೀವೆಲ್ಲ ಹುಡುಕುತ್ತೀರಿ. ಬುಡದಲ್ಲಿ ಹುತ್ತ ಇರಬೇಕು, ಕೊಂಬೆಯಲ್ಲಿ ಹಕ್ಕಿಗೂಡು ಇರಬಾರದು, ಹತ್ತಿರದಲ್ಲಿ ಸ್ಮಶಾನ ಇರಬೇಕು. ಕಾಡಿನಲ್ಲಿ ಇಷ್ಟು ಲಕ್ಷಣ ನೋಡುವವರು, ಮನೆಯಲ್ಲಿ ಬಿಟ್ಟುಹೋದ ಲಕ್ಷಣಗಳು ಹೆಂಡತಿಯ ಕಣ್ಣಿಗೆ ಬೀಳುವುದಿಲ್ಲ ಎಂದು ಹೇಗೆ ತಿಳಿದುಕೊಂಡಿರಿ?

ಕುಂತಳೆ ಚೆನ್ನಾಗಿದ್ದಾಳೆ. ನಾಡಿದ್ದು ಪಣಾ ಸಂಕ್ರಾಂತಿ. ಪಾನಕಕ್ಕೆ ಬಿಲ್ವದ ಹಣ್ಣು ಬೇಕೆಂದು ನಾನು ಯಾರಲ್ಲೂ ಬಾಯಿಬಿಟ್ಟಿರಲಿಲ್ಲ, ನಿಮ್ಮ ಅಣ್ಣ ದಾಮೋದರ ಭಾವ ತಾವೇ ಆರು ಹಣ್ಣು ಹೊತ್ತು ತಂದರು. ಅದಕ್ಕೆ ಮುಂಚೆ ಒಂದು ಮಡಕೆ ಮೊಸರು, ಅದಕ್ಕೂ ಮುಂಚೆ ಮಗುವಿಗೆ ರಿಬ್ಬನ್ನು. ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ತಮ್ಮನ ಹೆಂಡತಿಯ ಜೊತೆ ಭಾವ ನೇರವಾಗಿ ಮಾತಾಡುವುದು ನಮ್ಮಲ್ಲಿ ಎಲ್ಲುಂಟು? ಹದಿಮೂರು ವರ್ಷ ನನಗೆ ಹೇಳುವುದನ್ನೆಲ್ಲ ಗೋಡೆಗೆ, ಬಾವಿಗೆ, ಬೆಕ್ಕಿಗೆ ಹೇಳಿದವರು ಮೊನ್ನೆ ಹೊಸಿಲಾಚೆ ನಿಂತು, "ಏನು ಬೇಕಾದ್ರೂ ನನ್ನ ಕೇಳಮ್ಮಾ, ಸಂಕೋಚ ಮಾಡ್ಕೋಬೇಡ" ಅಂದರು. ಸೆರಗು ಎಳೆದುಕೊಂಡು ಒಳಗೆ ಬಂದೆ. ವಿಧವೆಯರ ಹತ್ತಿರ ಮಾತಾಡುವ ದನಿ ಅದು.

ಆಗ ಕೂತು ಒಂದೊಂದೇ ಕೂಡಿಸಿದೆ. ಹೊರಡುವ ಮುಂಚೆ ನೀವು ಕುಂತಳೆಯನ್ನು ಕೂರಿಸಿಕೊಂಡು ವಂಶದ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿಸಿದಿರಿ. ನನ್ನ ಜೊತೆ ಎಂಟು ದಿನ ಒಂದು ಜಗಳ ಆಡಲಿಲ್ಲ. ಉಪ್ಪು ಹೆಚ್ಚಾದ ದಾಲ್ಮಾ ಚೆನ್ನಾಗಿದೆ ಅಂದಿರಿ. ಅದರ ಮೇಲೆ, ಓರಗಿತ್ತಿ ನೀರು ಸೇದುವಾಗ ಒಂದು ಮಾತು ಬಿಟ್ಟಳು: "ನಮ್ಮೋರಿಗೆ ಕೈ ನಡುಗುತ್ತೆ ಕಣೇ, ಈ ಸಲ ಆಗಲ್ಲ ಅಂದ್ಬಿಟ್ರು." ಏನು ಆಗುವುದಿಲ್ಲ ಎಂದು ಕೇಳಿದರೆ ಹಗ್ಗ ಬಿಟ್ಟು ಓಡಿದಳು. ಹಳೆಯ ಮೂರ್ತಿಯ ಒಡಲಿನಿಂದ ಬ್ರಹ್ಮವಸ್ತುವನ್ನು ತೆಗೆದು ಹೊಸ ಮೂರ್ತಿಯೊಳಗೆ ಇಡುವ ಸರದಿ ಈ ಸಲ ಹಿರಿಯ ಮಗನಾದ ಭಾವನದು ಎಂದು ಇಡೀ ಕೇರಿಗೆ ಗೊತ್ತು. ಕಣ್ಣಿಗೆ ಪಟ್ಟಿ, ಕೈಗೆ ಬಟ್ಟೆ, ಊರಿಗೆ ಊರೇ ದೀಪ ಆರಿಸಿ ಕೂತಿರುತ್ತದೆ. ಅದನ್ನು ಮುಟ್ಟಿದವನು ವರ್ಷ ತುಂಬಿಸುವುದಿಲ್ಲ ಎಂದು ನಾವು ಹೆಂಗಸರು ನಂಬುತ್ತೇವೆ, ನೀವು ಗಂಡಸರು ನಗುತ್ತೀರಿ. ಎಂಟು ವರ್ಷದ ಹಿಂದೆ ಅದನ್ನು ಮುಟ್ಟಿದ ಮಾವನವರೂ ನಕ್ಕಿದ್ದರು. ಆ ಕಾರ್ತಿಕಕ್ಕೇ ಹೋದರು.

ನಡುಗುವ ಕೈಯನ್ನು ನೋಡೋಣ ಎಂದು ಭಾವನವರ ಮುಂದೆ ಅಡಿಕೆ ತಟ್ಟೆ ಇಡಿಸಿ ಬಾಗಿಲ ಸಂದಿಯಲ್ಲಿ ನಿಂತೆ. ಅಡಕತ್ತರಿಯಲ್ಲಿ ಕಾಗದದ ಹಾಗೆ ತೆಳ್ಳಗೆ ಕತ್ತರಿಸಿದರು, ಒಂದು ಚೂರೂ ಆಚೀಚೆ ಆಗಲಿಲ್ಲ. ಅಲ್ಲಿಗೆ ನನಗೆ ಖಾತ್ರಿಯಾಯಿತು. ಅಣ್ಣ ಜಾರಿಕೊಂಡು ತಮ್ಮನನ್ನು ಮುಂದೆ ತಳ್ಳಿದ್ದಾನೆ ಎಂದುಕೊಂಡು ಎರಡು ದಿನ ಅವರು ಕೊಟ್ಟ ಮೊಸರನ್ನು ಮುಟ್ಟಲಿಲ್ಲ. ನಿಮ್ಮ ಕುಲದ ಕಥೆಯೂ ಹೀಗೇ ಅಲ್ಲವೇ ಶುರುವಾಗಿದ್ದು? ಕಾಡಿನಲ್ಲಿ ಪ್ರಭುವನ್ನು ನೀಲಮಾಧವನೆಂದು ಪೂಜಿಸುತ್ತಿದ್ದ ಶಬರರ ವಿಶ್ವಾವಸು ಅಳಿಯನನ್ನು ನಂಬದೆ ಕಣ್ಣು ಕಟ್ಟಿ ಕರೆದುಕೊಂಡು ಹೋದ. ಅಳಿಯ ಮಾವನನ್ನು ನಂಬದೆ ದಾರಿಯುದ್ದಕ್ಕೂ ಸಾಸಿವೆ ಚೆಲ್ಲಿಕೊಂಡು ಹೋದ. ಒಬ್ಬನ ಮಗಳು, ಇನ್ನೊಬ್ಬನ ಹೆಂಡತಿಯಾಗಿ ಇಬ್ಬರ ನಡುವೆ ಇದ್ದ ಲಲಿತೆಯನ್ನು, ನಿನಗೇನು ಅನ್ನಿಸುತ್ತದೆ ಎಂದು ಯಾರೂ ಕೇಳಿದ ಹಾಗಿಲ್ಲ. ಪ್ರಭು ನಮ್ಮ ಮನೆಯವನು, ಜ್ವರ ಬಂದರೆ ನಾವೇ ಕಷಾಯ ಕೊಡುವವರು, ಹಳೆಯ ಮೈ ಹೋದರೆ ಹತ್ತು ದಿನ ಸೂತಕ ಹಿಡಿಯುವವರು ಎಂದು ಎದೆಯುಬ್ಬಿಸಿ ಹೇಳುತ್ತೀರಲ್ಲ, ನಾನೂ ಅದೇ ಮನೆಯವಳು.

ಇವತ್ತು ಬೆಳಿಗ್ಗೆ ಅತ್ತೆಯನ್ನು ಹಿಡಿದು ಕೂರಿಸಿದೆ. ತಮ್ಮನನ್ನು ಬಲಿ ಕೊಡುವುದಕ್ಕೆ ಅಣ್ಣನಿಗೆ ಮನಸ್ಸಾದರೂ ಹೇಗೆ ಬಂತು ಎಂದು ಕೇಳಿದೆ. ಅವರು, "ದಾಮುನ ಬೈಬೇಡ ಕಣೆ. ಕೈ ನಡುಗುತ್ತೆ ಅಂತ ಹೇಳು ಅಂತ ಅವನಿಗೆ ಹೇಳಿಕೊಟ್ಟವನೇ ನಿನ್ನ ಗಂಡ" ಅಂದರು. ಅಣ್ಣನಿಗೆ ಐದು ಮಕ್ಕಳು, ಕೊನೆಯದು ತೊಟ್ಟಿಲಲ್ಲಿದೆ. ನಿಮಗೆ ಒಬ್ಬಳೇ ಮಗಳು, ಹನ್ನೊಂದು ವರ್ಷದಿಂದ ಇನ್ನೊಂದಿಲ್ಲ, ಇನ್ನು ಆಗುವುದೂ ಇಲ್ಲ. ಹೀಗೆ ತೂಗಿ ನೋಡಿದಿರಂತೆ. ಅಣ್ಣ ಮೂರು ದಿನ ಒಪ್ಪಲಿಲ್ಲವಂತೆ, ನೀವು ಅವರ ಕಾಲು ಹಿಡಿದಿರಂತೆ. ಆ ಮನುಷ್ಯ ನನ್ನ ಹೊಸಿಲಾಚೆ ನಿಂತಿದ್ದು ನಾಚಿಕೆಯಿಂದ. ಅವರ ಮೇಲೆ ಪಟ್ಟ ಅನುಮಾನಕ್ಕೆ ನನಗೇ ತಲೆ ಎತ್ತಲಾಗುತ್ತಿಲ್ಲ. ನಿಮ್ಮ ಮೇಲೆ ಬಂದ ಸಿಟ್ಟು ಮಾತ್ರ ಇಳಿದಿಲ್ಲ. ಯಾರನ್ನು ಅನುಮಾನಿಸಬೇಕಿತ್ತೋ ಅವರ ಬುತ್ತಿ ಕಟ್ಟಿ, ಆರತಿ ಎತ್ತಿ ಕಳಿಸಿದೆನಲ್ಲ.

ಕುಂತಳೆ ನಮಸ್ಕಾರ ಹೇಳಿದ್ದಾಳೆ, ವಂಶದ ಏಳು ಹೆಸರು ತಪ್ಪಿಲ್ಲದೆ ಬರುತ್ತವಂತೆ. ಪ್ರಭು ಎಲ್ಲರನ್ನೂ ಕಾಯಲಿ, ನಿಮ್ಮನ್ನು ಮೊದಲು.

ನಿಮ್ಮ ಮೇಲೆ ಕೋಪವಿರುವ,
ಕನಕಲತೆ

ಮರೆತಿದ್ದು: ಪತ್ರ ಒಯ್ಯುವ ನಿಮ್ಮ ಸೋದರಮಾವ ಬಸ್ಸು ತಪ್ಪುತ್ತದೆ ಎಂದು ಬಾಗಿಲಲ್ಲಿ ಗೊಣಗುತ್ತಿದ್ದಾರೆ. ಮರೆತಿದ್ದು ಎಂದು ಬರೆದದ್ದು ಸುಳ್ಳು, ಬರೆಯಲೋ ಬೇಡವೋ ಎಂದು ಮೇಲಿನದನ್ನೆಲ್ಲ ಬರೆದೆ. ನನಗೆ ಮೂರು ತಿಂಗಳು. ಸೂಲಗಿತ್ತಿ ಎರಡು ಸಲ ನೋಡಿದ್ದಾಳೆ. ಹೆಂಡತಿ ಬಸುರಿಯಾಗಿದ್ದರೆ ಗಂಡ ಹೆಣ ಮುಟ್ಟಬಾರದು, ಪ್ರಭುವಿನ ಹಳೆಯ ಮೈಗೂ ನಿಮ್ಮ ಮನೆಯಲ್ಲಿ ಅದೇ ನೇಮ. ಈ ಸುದ್ದಿ ಹೊರಬಿದ್ದರೆ ಸರದಿ ಮತ್ತೆ ಭಾವನಿಗೇ ಹೋಗುತ್ತದೆ, ಆ ಐದು ಮಕ್ಕಳ ಮುಖ ನಾನು ದಿನಾ ನೋಡಬೇಕು. ಅದಕ್ಕೇ ನಾನಾಗಿ ಯಾರಿಗೂ ಹೇಳಿಲ್ಲ. ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ನಿಮ್ಮನ್ನು ಉಳಿಸಿಕೊಳ್ಳಲು ಕಥೆ ಕಟ್ಟಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಅತ್ತೆ ಸಾಕ್ಷಿ, ಕೆಳಗಿನ ಹೆಬ್ಬೆಟ್ಟು ಅವರದು. ಹೇಳದೆಯೇ ಅವರಿಗೆ ತಿಳಿದಿತ್ತು. ಅವರಿಗೆ ಅಣ್ಣ ತಮ್ಮ ಇಬ್ಬರೂ ಮಕ್ಕಳೇ. ಒತ್ತಿದ ಮೇಲೆ ಶಾಯಿ ತೊಳೆಯಲು ಬಾವಿಯ ಹತ್ತಿರ ಹೋದವರು ಇನ್ನೂ ಕೈ ತೊಳೆಯುತ್ತಲೇ ಇದ್ದಾರೆ.